‘ಲೊಕೇಶನ್ ಕಳಿಸ್ತೀನಿ, ನೀವೇ ಹೋಗಿ ಮನೆ ನೋಡ್ಕೊಂಡು ಬನ್ನಿ’ ಅಂತ ಬ್ರೋಕರ್ ಹೇಳಿದರೆ ಏನು ಮಾಡಬೇಕು?

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಚಿಕ್ಕಪ್ಪನ ಮಗಳು ಫೋನ್ ಮಾಡಿದ್ದಳು. ಅವಳೂ ಅವಳ ಯಜಮಾನರೂ ಹಾಸನದಲ್ಲಿ ಒಂದು ಮನೆ ಕೊಳ್ಳೋಣ ಅಂತ ಮೂರು ತಿಂಗಳಿಂದ ಓಡಾಡುತ್ತಿದ್ದಾರೆ. ಇಬ್ಬರಿಗೂ ಇದು ಮೊದಲ ಸಲ. “ಅಣ್ಣ, ಬ್ರೋಕರ್ ವಾಟ್ಸಾಪ್‌ನಲ್ಲಿ ನಾಲ್ಕು ಲೊಕೇಶನ್ ಕಳಿಸಿದ್ದಾರೆ. ಕೀ ಪಕ್ಕದ ಮನೇಲಿದೆ, ನೀವೇ ಹೋಗಿ ನೋಡ್ಕೊಂಡು ಬನ್ನಿ ಮೇಡಂ, ಇಷ್ಟ ಆದ್ರೆ ಮುಂದೆ ಮಾತಾಡೋಣ ಅಂತಾರೆ. ಮನೆ ತೋರಿಸೋದಕ್ಕೇ ಅಲ್ವಾ ನಾವು ಕಮಿಷನ್ ಕೊಡೋದು? ಇದರಲ್ಲೇನಾದ್ರೂ ಮೋಸ ಇದ್ಯಾ?” ಅಂತ ಕೇಳಿದಳು.

ಮೋಸ ಇರಲೇಬೇಕು ಅಂತೇನಿಲ್ಲ. ಆದರೆ ಬ್ರೋಕರ್ ಹಾಗೆ ಹೇಳಿದ ಕೂಡಲೇ ನೋಡುವ ಕೆಲಸ ಪೂರ್ತಿ ನಿಮ್ಮ ಮೇಲೆ ಬೀಳುತ್ತದೆ. ಕಣ್ಣಿಗೆ ಕಾಣುತ್ತಿದ್ದ ವಿಷಯವನ್ನು ನೀವು ನೋಡದೆ ಬಂದರೂ, ಮುಂದೆ ಜಗಳವಾದಾಗ ಕಾನೂನು ನಿಮ್ಮನ್ನು ‘ನೋಡಿದವರು’ ಅಂತಲೇ ಲೆಕ್ಕ ಹಾಕಬಹುದು. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಅವಳಿಗೆ ಫೋನಿನಲ್ಲಿ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಬ್ರೋಕರ್ ಯಾರ ಕಡೆಯವರು?

ನಮ್ಮ ಕಡೆ ಬ್ರೋಕರ್ ಅಂದರೆ ಆಫೀಸು, ಬೋರ್ಡು ಇಟ್ಟುಕೊಂಡವರೇ ಆಗಬೇಕಿಲ್ಲ. ಟೀ ಅಂಗಡಿಯವರು, ಜೆರಾಕ್ಸ್ ಅಂಗಡಿಯವರು, ಪತ್ರ ಬರೆಯುವವರು, ನಿವೃತ್ತರಾದ ಮೇಷ್ಟ್ರು, ಯಾರು ಬೇಕಾದರೂ ಮನೆ ಮಾಡಿಸಿಕೊಡುತ್ತಾರೆ. ಮಾರುವವರಿಗೆ ಕೊಳ್ಳುವವರನ್ನು ಹುಡುಕಿಕೊಡುವುದು ಅವರ ಕೆಲಸ. ವ್ಯಾಪಾರ ಕುದುರಿದರೆ ನೂರಕ್ಕೆ ಒಂದೋ ಎರಡೋ ರೂಪಾಯಿ ಕಮಿಷನ್. ಸಾಮಾನ್ಯವಾಗಿ ಎರಡೂ ಕಡೆಯಿಂದ ತೆಗೆದುಕೊಳ್ಳುತ್ತಾರೆ.

ಎರಡೂ ಕಡೆಯಿಂದ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಅವರು ನಿಮ್ಮ ಪರವಾಗಿ ಮನೆ ಪರೀಕ್ಷೆ ಮಾಡುವವರಲ್ಲ, ನಿಮ್ಮ ಎದುರಾಳಿಯೂ ಅಲ್ಲ. ಮದುವೆ ದಲ್ಲಾಳಿಯ ಹಾಗೆ ನಡುವೆ ನಿಂತವರು. ದಲ್ಲಾಳಿ ಜಾತಕ, ಫೋಟೋ ತಂದುಕೊಡುತ್ತಾರೆ. ಹುಡುಗ ಹೇಗೆ, ಮನೆತನ ಹೇಗೆ ಅಂತ ಆ ಊರಿಗೆ ಹೋಗಿ ವಿಚಾರಿಸಿಕೊಂಡು ಬರುವವರು ಸೋದರಮಾವನೋ ದೊಡ್ಡಪ್ಪನೋ. ಹೆಣ್ಣು ನೋಡುವ ಶಾಸ್ತ್ರ ಆಮೇಲೆ. ಬ್ರೋಕರ್ ಲೊಕೇಶನ್ ಕಳಿಸಿ ಹೋಗಿ ಬನ್ನಿ ಅಂದರೆ ಜಾತಕ ಕೊಟ್ಟ ಹಾಗೆ. ನೀವು ಒಬ್ಬರೇ ಹೋಗುವುದು ಊರಲ್ಲಿ ವಿಚಾರಿಸಿ ಬರುವ ಹಾಗೆ. ಮಾತುಕತೆ ಇನ್ನೂ ಶುರುವಾಗಿಲ್ಲ.

ಇನ್ನು ಕಮಿಷನ್. ಮನೆ ತೋರಿಸುವುದಕ್ಕೇ ಅಲ್ವಾ ಕೊಡೋದು ಅಂತ ತಂಗಿ ಕೇಳಿದಳಲ್ಲ, ಅದು ಪೂರ್ತಿ ಸರಿಯಲ್ಲ. ಬೇರೆ ಮಾತು ಆಗಿಲ್ಲದಿದ್ದರೆ, ಒಪ್ಪಿಕೊಂಡ ಕೆಲಸ ಮುಗಿದ ಮೇಲೆಯೇ ಏಜೆಂಟರಿಗೆ ಹಣ ಸಲ್ಲಬೇಕು ಅಂತ 1872ರ ಭಾರತೀಯ ಕರಾರು ಕಾಯ್ದೆಯ 219ನೇ ಕಲಂ ಹೇಳುತ್ತದೆ. ಹಾಗಾದರೆ ಒಪ್ಪಿಕೊಂಡ ಕೆಲಸ ಯಾವುದು? ಬರೀ ಮಾಲೀಕರನ್ನು ಪರಿಚಯ ಮಾಡಿಸುವುದೋ, ನೋಂದಣಿ ಮುಗಿಯುವ ತನಕ ಜೊತೆಗಿರುವುದೋ? ಇದನ್ನು ಮೊದಲ ದಿನವೇ ಮಾತಾಡಿಕೊಳ್ಳಬೇಕು. ಹೆಚ್ಚಿನ ಜಗಳ ಹುಟ್ಟುವುದು ಇಲ್ಲಿಯೇ. “ಒಬ್ಬರೇ ಹೋಗಿ ಬರ್ತೀವಿ, ತೊಂದರೆ ಇಲ್ಲ. ಆದರೆ ಕಮಿಷನ್ ಎಷ್ಟು, ಯಾವಾಗ, ಅದಕ್ಕೆ ನೀವು ಏನೇನು ಮಾಡಿಕೊಡ್ತೀರಿ?” ಅಂತ ಕೇಳಿ, ಬಂದ ಉತ್ತರವನ್ನು ವಾಟ್ಸಾಪ್‌ನಲ್ಲಿ ಒಂದು ಸಾಲು ಬರೆಸಿಕೊಂಡರೆ ಸಾಕು.

ಮೊದಲು ಮನೆ ನಂಬರೇ ಹೇಳುತ್ತಿರಲಿಲ್ಲ, ಈಗ ಯಾಕೆ ಹೀಗೆ?

ಹಿಂದೆ ಬ್ರೋಕರ್ ನಿಮ್ಮನ್ನು ತಮ್ಮ ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಮಾಲೀಕರ ಹೆಸರು ಬಾಯಿಬಿಡುತ್ತಿರಲಿಲ್ಲ. ನೀವು ನೇರವಾಗಿ ಮಾಲೀಕರ ಹತ್ತಿರ ಹೋಗಿ ವ್ಯಾಪಾರ ಮುಗಿಸಿಬಿಟ್ಟರೆ ಕಮಿಷನ್ ಹೋಯಿತಲ್ಲ ಅನ್ನುವ ಭಯ. ಆ ಭಯ ಇವತ್ತಿಗೂ ಇದೆ. ಇದ್ದೂ ನಿಮ್ಮನ್ನು ಒಬ್ಬರೇ ಕಳಿಸುತ್ತಿದ್ದಾರೆ ಅಂದರೆ ಅದಕ್ಕೊಂದು ಕಾರಣ ಇರುತ್ತದೆ, ಆ ಕಾರಣ ಯಾವುದು ಅಂತ ತಿಳಿದುಕೊಳ್ಳುವುದು ಒಳ್ಳೆಯದು.

ಎಲ್ಲಕ್ಕಿಂತ ಸಾದಾ ಕಾರಣ ಸಮಯ. ಸಾಲಗಾಮೆ ರಸ್ತೆ ಕಡೆ ಒಂದು ಮನೆ, ಬಿ.ಎಂ. ರಸ್ತೆ ಆಚೆ ಇನ್ನೊಂದು, ರಿಂಗ್ ರೋಡ್ ದಾಟಿ ಮತ್ತೊಂದು. ಒಂದು ಕುಟುಂಬಕ್ಕೆ ನಾಲ್ಕು ಮನೆ ತೋರಿಸಿದರೆ ಅರ್ಧ ದಿನ ಹೋಗುತ್ತದೆ. ಎಷ್ಟೋ ಜನ ಬೀದಿಯ ತಿರುವಿನಲ್ಲೇ “ಅಯ್ಯೋ, ಈ ಏರಿಯಾ ಬೇಡ” ಅಂತ ವಾಪಸ್ ಬರುತ್ತಾರೆ. ಆ ಮಟ್ಟದ ಸೋಸುವಿಕೆ ನೀವೇ ಮಾಡಿಕೊಂಡರೆ ಅವರ ಪೆಟ್ರೋಲೂ ಉಳಿಯುತ್ತದೆ, ನಿಮ್ಮ ದಾಕ್ಷಿಣ್ಯವೂ ಉಳಿಯುತ್ತದೆ.

ಎರಡನೆಯದು, ಮಾಲೀಕರು ಊರಲ್ಲಿಲ್ಲ. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಇದು ಬಹಳ. ಅಪ್ಪ ಅಮ್ಮ ಇದ್ದ ಮನೆ, ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ನೆಲೆಸಿದ್ದಾರೆ, ಮನೆಗೆ ಬೀಗ. ಕೀ ಪಕ್ಕದ ಮನೆಯವರ ಹತ್ತಿರವೋ ಎದುರಿನ ಅಂಗಡಿಯಲ್ಲೋ. ಮಾರಾಟ ಆದರೆ ಕಮಿಷನ್ ಇಷ್ಟು ಅಂತ ಮಾಲೀಕರ ಜೊತೆ ಮೊದಲೇ ಮಾತಾಗಿರುವುದರಿಂದ ಬ್ರೋಕರ್‌ಗೆ ನೀವು ತಪ್ಪಿಸಿಕೊಳ್ಳುತ್ತೀರಿ ಅನ್ನುವ ಹೆದರಿಕೆ ಕಡಿಮೆ.

ಮೂರನೆಯದರ ಬಗ್ಗೆ ಎಚ್ಚರ ಬೇಕು. ಕೆಲವು ಸಲ ನಿಮ್ಮ ಜೊತೆ ಮಾತಾಡುತ್ತಿರುವ ಬ್ರೋಕರ್‌ಗೆ ಮಾಲೀಕರು ಯಾರು ಅಂತಲೇ ಗೊತ್ತಿರುವುದಿಲ್ಲ. ಇನ್ನೊಬ್ಬ ಬ್ರೋಕರ್ ಗ್ರೂಪಿನಲ್ಲಿ ಹಾಕಿದ ಫೋಟೋ ಮತ್ತು ಲೊಕೇಶನ್ ಅವರು ನಿಮಗೆ ದಾಟಿಸಿರುತ್ತಾರೆ. ಕೈಯಿಂದ ಕೈಗೆ ಬರುವಷ್ಟರಲ್ಲಿ ಬೆಲೆಯೂ ಬೇರೆ, ಮನೆಯ ಅಳತೆಯೂ ಬೇರೆ, ಕೊನೆಗೆ ಹಂಚಿಕೊಳ್ಳುವವರೂ ಮೂರ್ನಾಲ್ಕು ಜನ. ಇದು ತಪ್ಪು ಅಂತಲ್ಲ, ಊರ ತುಂಬಾ ಹೀಗೇ ನಡೆಯುತ್ತದೆ. ಆದರೆ ಪ್ರಶ್ನೆ ಕೇಳಿದರೆ ಉತ್ತರ ಬರುವುದಕ್ಕೆ ಎರಡು ದಿನ ಹಿಡಿಯುತ್ತಿದ್ದರೆ ನಡುವೆ ಇನ್ನೊಬ್ಬರಿದ್ದಾರೆ ಅಂತಲೇ ತಿಳಿಯಿರಿ. “ಮಾಲೀಕರ ಹತ್ತಿರ ನೀವೇ ನೇರವಾಗಿ ಮಾತಾಡಿದ್ದೀರಾ?” ಅಂತ ಕೇಳುವುದರಲ್ಲಿ ಅವಮಾನ ಏನಿಲ್ಲ.

ಅಮೆರಿಕದಲ್ಲಿ ಇದು ಹೇಗೆ ನಡೆಯುತ್ತದೆ

ಮನೆ ಕೊಳ್ಳುವವರಿಗೆ ‘ನೀವೇ ಮೊದಲು ಹೋಗಿ ನೋಡಿ’ ಅನ್ನುವ ಪದ್ಧತಿ ಅಮೆರಿಕದಲ್ಲೂ ಇದೆ. ಇಂಟರ್ನೆಟ್ಟಿನಲ್ಲಿ ಹೇಳಿಕೊಡುವ ಸಲಹೆಗಳು ಹೆಚ್ಚಾಗಿ ಅಲ್ಲಿಯವೇ ಆದ್ದರಿಂದ, ಅಲ್ಲಿಗೂ ಇಲ್ಲಿಗೂ ಇರುವ ವ್ಯತ್ಯಾಸ ಗೊತ್ತಿರಬೇಕು.

ಅಲ್ಲಿ ಮಾರುವವರಿಗೆ ಒಬ್ಬ ಏಜೆಂಟ್, ಕೊಳ್ಳುವವರಿಗೆ ಇನ್ನೊಬ್ಬ ಏಜೆಂಟ್ ಇರುವುದು ರೂಢಿ. ಕೊಳ್ಳುವವರ ಏಜೆಂಟ್ “ಮೊದಲು ಆ ಬೀದಿಯಲ್ಲಿ ಕಾರಿನಲ್ಲಿ ಒಂದು ಸುತ್ತು ಹಾಕಿ ಬನ್ನಿ, ಅಥವಾ ಓಪನ್ ಹೌಸ್‌ಗೆ ಹೋಗಿ ಬನ್ನಿ” ಅನ್ನುತ್ತಾರೆ. ಓಪನ್ ಹೌಸ್ ಅಂದರೆ ಗೊತ್ತಾದ ದಿನ, ಗೊತ್ತಾದ ಹೊತ್ತಿನಲ್ಲಿ ಮನೆಯನ್ನು ಯಾರು ಬೇಕಾದರೂ ಬಂದು ನೋಡಲಿ ಅಂತ ತೆರೆದಿಡುವುದು. ಉಳಿದ ದಿನ ಮನೆ ಕೀ ಬಾಗಿಲ ಹತ್ತಿರದ ಸಣ್ಣ ಪೆಟ್ಟಿಗೆಯೊಂದರಲ್ಲಿ ಇರುತ್ತದೆ, ಸಾಮಾನ್ಯವಾಗಿ ಏಜೆಂಟರೇ ಅದನ್ನು ತೆರೆಯುವವರು. ಹಾಗಾಗಿ ಅಲ್ಲಿ ‘ನೀವೇ ನೋಡಿ’ ಅಂದರೆ ಹೆಚ್ಚಾಗಿ ಹೊರಗಿನಿಂದ ನೋಡಿ ಅಂತ ಅರ್ಥ.

2024ರಲ್ಲಿ ಅಲ್ಲಿ ಒಂದು ದೊಡ್ಡ ಬದಲಾವಣೆ ಆಯಿತು. ಕಮಿಷನ್ ವಿಷಯದಲ್ಲಿ ಮನೆ ಮಾರಿದವರು ಹಾಕಿದ್ದ ಕೇಸುಗಳಲ್ಲಿ ಅಲ್ಲಿಯ ಏಜೆಂಟರ ರಾಷ್ಟ್ರೀಯ ಸಂಘ 41.8 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡು ರಾಜಿ ಮಾಡಿಕೊಂಡಿತು. ಅದರ ಪ್ರಕಾರ 2024ರ ಆಗಸ್ಟ್ 17ರಿಂದ, ಕೊಳ್ಳುವವರಿಗಾಗಿ ಕೆಲಸ ಮಾಡುವ ಏಜೆಂಟ್ ಮನೆ ತೋರಿಸುವ ಮೊದಲೇ ಅವರ ಜೊತೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ಫೀಸು ಎಷ್ಟು ಅಂತ ಅದರಲ್ಲಿ ಸ್ಪಷ್ಟವಾಗಿ ಇರಬೇಕು. ಆದರೆ ಕೊಳ್ಳುವವರು ತಾವೇ ಓಪನ್ ಹೌಸ್‌ಗೆ ಹೋಗಿ ಬರುವುದಕ್ಕೆ ಯಾವ ಒಪ್ಪಂದವೂ ಬೇಡ. ಅಲ್ಲಿ ನಿಂತು ಮನೆ ತೋರಿಸುವವರು ಮಾರುವವರ ಕಡೆಯವರು ಅಂತ ತಿಳಿದು ಹೋಗಬೇಕು, ಅಷ್ಟೆ.

ನಮ್ಮಲ್ಲಿ ಅಂಥ ಒಪ್ಪಂದ ಇಲ್ಲ, ಬೇರೆ ಏಜೆಂಟೂ ಇಲ್ಲ, ಕೀ ಪೆಟ್ಟಿಗೆಯೂ ಇಲ್ಲ. ನೆರೆಮನೆಯವರು ನಿಮ್ಮ ಕೈಗೆ ಕೀ ಕೊಟ್ಟು ಒಳಗೆ ಹೋಗಿಬಿಡುತ್ತಾರೆ. ಅನುಕೂಲ ಜಾಸ್ತಿ, ಆದರೆ ಆ ಹೊತ್ತಿಗೆ ಅಲ್ಲಿ ಜವಾಬ್ದಾರಿ ಹೊತ್ತವರು ಯಾರೂ ಇಲ್ಲ.

ನೋಡಬಹುದಾಗಿದ್ದು ಮತ್ತು ನೋಡಿದ್ದು: ಕಾನೂನಿಗೆ ಎರಡೂ ಒಂದೇ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಆಸ್ತಿ ಮಾರುವುದು, ಕೊಳ್ಳುವುದಕ್ಕೆ ನಮ್ಮ ದೇಶದಲ್ಲಿ ಇರುವ ಮೂಲ ಕಾನೂನು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 55ನೇ ಕಲಂ ಮಾರುವವರ ಕರ್ತವ್ಯ ಏನು ಅಂತ ಹೇಳುತ್ತದೆ. ಮನೆಯಲ್ಲಿ ಅಥವಾ ಹಕ್ಕಿನಲ್ಲಿ ಇರುವ ದೊಡ್ಡ ದೋಷ ಮಾರುವವರಿಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದಿದ್ದರೆ, ಅದನ್ನು ಅವರು ಹೇಳಲೇಬೇಕು. ಆದರೆ ಅಲ್ಲಿ ಇನ್ನೊಂದು ಷರತ್ತು ಸೇರಿದೆ. ಕೊಳ್ಳುವವರು ಸಾಮಾನ್ಯ ಎಚ್ಚರ ವಹಿಸಿದ್ದರೂ ಕಂಡುಹಿಡಿಯಲು ಆಗುತ್ತಿರಲಿಲ್ಲ ಅನ್ನುವಂಥ ದೋಷ ಆಗಿರಬೇಕು.

ಅಂದರೆ ಗೋಡೆಯೊಳಗೆ ಹುದುಗಿದ ಪೈಪು ಒಡೆದಿದ್ದು ಮಾಲೀಕರಿಗೆ ಗೊತ್ತಿತ್ತು, ನಿಮಗೆ ಗೊತ್ತಾಗುವ ದಾರಿಯೇ ಇರಲಿಲ್ಲ ಅಂದರೆ ಅದು ಅವರು ಹೇಳಬೇಕಾದ ವಿಷಯ. ಆದರೆ ಮನೆಗೆ ಹೋಗುವ ದಾರಿ ಎಂಟೇ ಅಡಿ ಇದೆ, ಆಂಬುಲೆನ್ಸ್ ಒಳಗೆ ಬರಲ್ಲ ಅನ್ನುವುದು? ಅದು ಹೋಗಿ ನಿಂತರೆ ಕಾಣುವ ವಿಷಯ. ನೀವು ಹೋಗದೆ ಫೋಟೋ ನೋಡಿ ಒಪ್ಪಿಕೊಂಡಿದ್ದರೂ, ಹೋಗಿ ಫೋನ್ ನೋಡುತ್ತಾ ಬಂದಿದ್ದರೂ “ನಮಗೆ ಹೇಳಲಿಲ್ಲ” ಅನ್ನುವ ವಾದಕ್ಕೆ ಬಲ ಇರುವುದಿಲ್ಲ.

ಅದೇ ಕಾಯ್ದೆಯ 3ನೇ ಕಲಂನಲ್ಲಿ ಇನ್ನೂ ಮುಖ್ಯವಾದ ಒಂದು ಮಾತಿದೆ. ನೀವು ಕೊಳ್ಳುವ ಆಸ್ತಿಯಲ್ಲಿ ಆ ಹೊತ್ತಿಗೆ ಯಾರು ನಿಜವಾಗಿ ಸ್ವಾಧೀನದಲ್ಲಿದ್ದಾರೋ, ಅವರಿಗೆ ಏನಾದರೂ ಹಕ್ಕಿದ್ದರೆ ಅದು ನಿಮಗೆ ತಿಳಿದಿತ್ತು ಅಂತಲೇ ಭಾವಿಸಲಾಗುತ್ತದೆ. ನಮ್ಮೂರುಗಳಲ್ಲಿ ಇದರ ಬಿಸಿ ತಟ್ಟುವುದು ಭೋಗ್ಯದ ಮನೆಗಳಲ್ಲಿ. ಮಾಲೀಕರು ಒಂದು ಗಂಟು ಹಣ ತೆಗೆದುಕೊಂಡು ಮೂರು ವರ್ಷಕ್ಕೆ ಮನೆ ಭೋಗ್ಯಕ್ಕೆ ಕೊಟ್ಟಿರುತ್ತಾರೆ. ಹಣ ಖರ್ಚಾಗಿರುತ್ತದೆ. ಮನೆ ಮಾರಿದ ಮೇಲೆ ಒಳಗಿರುವವರು “ನಮ್ಮ ದುಡ್ಡು ಯಾರು ಕೊಡ್ತಾರೆ, ಕೊಟ್ಟರೆ ಬಿಡ್ತೀವಿ” ಅಂತ ಕೂರುತ್ತಾರೆ. ಅವರು ಕೇಳುವುದರಲ್ಲಿ ನ್ಯಾಯವೂ ಇರುತ್ತದೆ. ನೀವು ಮನೆ ನೋಡಲು ಹೋದಾಗ ಅವರನ್ನು ಕಂಡಿದ್ದೀರಿ. ಬಾಡಿಗೆಯಾ, ಭೋಗ್ಯವಾ, ಎಷ್ಟು ದಿನಕ್ಕೆ ಅಂತ ಕೇಳಬಹುದಿತ್ತು. ಕೇಳಲಿಲ್ಲ ಅನ್ನುವುದು ಆಮೇಲೆ ನೆಪ ಆಗುವುದಿಲ್ಲ.

ಹಾಗಾಗಿ ಒಬ್ಬರೇ ಹೋಗಿ ನೋಡುವುದನ್ನು ಸುಮ್ನೆ ಒಂದು ರೌಂಡ್ ಅಂತ ತಿಳಿಯಬೇಡಿ. ಹೋಗುವ ಮುಂಚೆ ಬ್ರೋಕರ್ ಹತ್ತಿರ ಮೂರು ವಿಷಯ ಕೇಳಿಕೊಳ್ಳಿ: ಒಳಗೆ ಯಾರಿದ್ದಾರೆ, ಕೀ ಕೊಡುವವರು ಯಾರು, ಕ್ರಯಪತ್ರದ ಶೆಡ್ಯೂಲ್ ಪುಟದ ಫೋಟೋ ಕಳಿಸ್ತೀರಾ. ಮೂರನೆಯದು ಯಾಕೆ ಬೇಕು ಅಂತ ಮುಂದೆ ಹೇಳುತ್ತೇನೆ.

ಹೋದಾಗ ಏನು ನೋಡಬೇಕು?

ಎಲ್ಲರೂ ನೇರವಾಗಿ ಒಳಗೆ ಹೋಗಿ ಅಡುಗೆಮನೆ, ದೇವರಮನೆ, ವಾಸ್ತು ನೋಡುತ್ತಾರೆ. ನನ್ನ ಪ್ರಕಾರ ಮೊದಲ ಅರ್ಧ ಗಂಟೆ ಮನೆಯೊಳಗೆ ಹೋಗಲೇಬಾರದು. ಗಾಡಿಯನ್ನು ಸ್ವಲ್ಪ ದೂರದಲ್ಲಿ ನಿಲ್ಲಿಸಿ ಬೀದಿಯಲ್ಲಿ ನಡೆಯಿರಿ. ಬ್ರೋಕರ್ ಜೊತೆಗಿದ್ದಾಗ ಅವರು ಮಾತಾಡುತ್ತಲೇ ಇರುತ್ತಾರೆ, ನಿಮಗೆ ಮೋರಿ ಕಾಣುವುದಿಲ್ಲ. ಒಬ್ಬರೇ ಹೋದಾಗ ಸಿಗುವ ದೊಡ್ಡ ಲಾಭ ಈ ಬೀದಿ.

ನೀರಿನಿಂದ ಶುರು ಮಾಡಿ. ಹಾಸನಕ್ಕೆ ಹೇಮಾವತಿ ನೀರು, ಚಿಕ್ಕಮಗಳೂರಿಗೆ ಯಗಚಿ ಮತ್ತು ಹಿರೇಕೊಳಲೆ ಕೆರೆ ನೀರು ಅಂತ ಎಲ್ಲರೂ ಹೇಳುತ್ತಾರೆ. ಆದರೆ ನಿಮಗೆ ಬೇಕಾಗಿರುವುದು ಆ ಬೀದಿಯ ಆ ನಲ್ಲಿಯ ವಿಷಯ. ವಾರಕ್ಕೆ ಎಷ್ಟು ಸಲ ಬಿಡುತ್ತಾರೆ, ಎಷ್ಟು ಹೊತ್ತಿಗೆ, ಬೇಸಿಗೆಯಲ್ಲಿ ಹೇಗೆ? ಊರ ಹೊರಗಿನ ಹೊಸ ಬಡಾವಣೆಯಾದರೆ ನಲ್ಲಿ ಸಂಪರ್ಕ ಬಂದಿದೆಯಾ, ಇಲ್ಲ ಬೋರ್‌ವೆಲ್ಲಾ? ಯುಜಿಡಿ, ಅಂದರೆ ಒಳಚರಂಡಿ ಸಂಪರ್ಕ ಇದೆಯಾ, ಇಲ್ಲ ಮನೆಯ ಹಿಂದೆ ಪಿಟ್ ತೋಡಿದ್ದಾರಾ? ಇದಕ್ಕೆ ಬ್ರೋಕರ್‌ಗಿಂತ ಪಕ್ಕದ ಮನೆಯ ಅಜ್ಜಿ ಸರಿಯಾದ ಉತ್ತರ ಕೊಡುತ್ತಾರೆ. ಕೀ ಇಸಿದುಕೊಳ್ಳಲು ಹೋದಾಗ ಎರಡು ನಿಮಿಷ ಜಗಲಿ ಮೇಲೆ ಕೂತು ಮಾತಾಡಿ. ಅವರೇ ನಿಮಗೆ ನಾಳೆಯ ನೆರೆಯವರು ಕೂಡ.

ಆಮೇಲೆ ಮಳೆ. ನಮ್ಮದು ಮಲೆನಾಡಿನ ಅಂಚು. ಮಾರ್ಚಿನಲ್ಲಿ ಒಣಗಿ ನಿಂತ ಮನೆ ಜುಲೈನಲ್ಲಿ ಬೇರೆಯೇ ಮನೆ. ಚಿಕ್ಕಮಗಳೂರಿನಲ್ಲಂತೂ ಇಳಿಜಾರಿನಲ್ಲಿ ಕಟ್ಟಿದ ಮನೆಗಳು ಬಹಳ. ಹಿಂದಿನ ದರೆಯಿಂದ ನೀರು ಎಲ್ಲಿಗೆ ಇಳಿಯುತ್ತದೆ, ತಡೆಗೋಡೆಯಲ್ಲಿ ನೀರು ಹೊರಬರಲು ತೂತು ಬಿಟ್ಟಿದ್ದಾರಾ, ಗೋಡೆ ಹೊಟ್ಟೆ ಉಬ್ಬಿದೆಯಾ ನೋಡಿ. ಒಳಗೆ ಗೋಡೆಯ ಕೆಳಗಿನ ಎರಡಡಿಗೆ ಮಾತ್ರ ಹೊಸ ಬಣ್ಣ ಹೊಡೆದಿದ್ದರೆ ಅಲ್ಲಿ ಶೀತ ಏರಿದ್ದಿರಬಹುದು. ಉಗುರಿನಿಂದ ಮೆಲ್ಲಗೆ ಕೆರೆದರೆ ಉಪ್ಪಿನಂಥ ಬಿಳಿ ಪುಡಿ ಉದುರಿದರೆ ಅನುಮಾನ ಗಟ್ಟಿ. ತಾರಸಿಗೆ ಹತ್ತಲೇಬೇಕು. ನೀರು ನಿಂತು ಒಣಗಿದ ವೃತ್ತಗಳು, ಪಾಚಿಯ ಕಪ್ಪು, ಅಲ್ಲಲ್ಲಿ ಸಿಮೆಂಟ್ ಮೆತ್ತಿದ ಗುರುತು, ಇವು ಫೋಟೋದಲ್ಲಿ ಬರುವುದಿಲ್ಲ. ಗಾರೆಯಲ್ಲಿ ಕೂದಲೆಳೆಯ ಬಿರುಕು ಎಲ್ಲ ಮನೆಯಲ್ಲೂ ಇರುತ್ತದೆ, ಹೆದರಬೇಡಿ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ, ನಾಣ್ಯದ ಅಂಚು ತೂರುವಷ್ಟು ಅಗಲದ ಬಿರುಕು ಕಂಡರೆ ಮಾತ್ರ ಫೋಟೋ ತೆಗೆದು ಇಂಜಿನಿಯರ್‌ಗೆ ತೋರಿಸಿ. ಸಾಧ್ಯವಿದ್ದರೆ ಮಳೆ ಬಂದ ಮರುದಿನ ಇನ್ನೊಮ್ಮೆ ಹೋಗಿ.

ಈಗ ಶೆಡ್ಯೂಲ್ ಪುಟ. ಪ್ರತಿ ಕ್ರಯಪತ್ರದ ಕೊನೆಯಲ್ಲಿ ಆಸ್ತಿಯ ವಿವರ ಇರುತ್ತದೆ, ಅದರಲ್ಲಿ ಚೆಕ್ಕುಬಂದಿ ಅಂತ ಬರೆದಿರುತ್ತಾರೆ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥ ನಂಬರ್ ಸೈಟು, ಉತ್ತರಕ್ಕೆ ಇಂಥವರ ಮನೆ, ದಕ್ಷಿಣಕ್ಕೆ ಓಣಿ, ಹೀಗೆ. ಆ ಪುಟ ಕೈಯಲ್ಲಿ ಹಿಡಿದು, ಫೋನಿನ ದಿಕ್ಸೂಚಿ ತೆರೆದು ಮನೆಯ ಸುತ್ತ ಒಂದು ಸುತ್ತು ಬನ್ನಿ. ಪತ್ರದಲ್ಲಿ ಪೂರ್ವಕ್ಕೆ ರಸ್ತೆ ಅಂತ ಇದ್ದು ನೆಲದ ಮೇಲೆ ಪೂರ್ವಕ್ಕೆ ಬೇರೆಯವರ ಕಾಂಪೌಂಡ್ ಇದ್ದರೆ ನಿಂತು ಯೋಚಿಸಿ. 30x40 ಸೈಟು ಅಂತ ಹೇಳಿದ್ದರೆ ಒಂದು ಟೇಪ್ ತೆಗೆದುಕೊಂಡು ಹೋಗಿ ಅಳೆಯಿರಿ. ಮನೆ ನೋಡಲು ಟೇಪ್ ಯಾಕೆ ಅಂತ ತಂಗಿ ನಕ್ಕಳು. ಆಮೇಲೆ ಎರಡನೇ ಮನೆಯಲ್ಲಿ ಅಗಲ 26 ಅಡಿಯೇ ಬಂತು. ಉಳಿದ ನಾಲ್ಕಡಿ ಪಕ್ಕದವರ ಮೆಟ್ಟಿಲಿನ ಕೆಳಗಿತ್ತು.

ಯಾವ ಹೊತ್ತಿಗೆ ಹೋಗುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲ ಬೀದಿಯೂ ಶಾಂತ. ರಾತ್ರಿ ಎಂಟಕ್ಕೆ ಹೊರಗಿನಿಂದ ಒಂದು ಸಲ ಹೋಗಿ ಬನ್ನಿ. ಬಿ.ಎಂ. ರಸ್ತೆಗೆ ಹತ್ತಿರದ ಮನೆಯಾದರೆ ಲಾರಿಗಳ ಸದ್ದು, ರೈಲು ಹಳಿಯ ಹತ್ತಿರವಾದರೆ ರೈಲಿನ ಸದ್ದು ರಾತ್ರಿಯೇ ತಿಳಿಯುವುದು. ಹಾಸನಾಂಬ ದೇವಸ್ಥಾನದ ಆಸುಪಾಸಿನ ಮನೆಯಾದರೆ, ವರ್ಷಕ್ಕೊಮ್ಮೆ ಬಾಗಿಲು ತೆಗೆಯುವ ಆ ದಿನಗಳಲ್ಲಿ ನಿಮ್ಮ ಗಾಡಿ ಮನೆ ತನಕ ಬರುತ್ತದಾ ಅಂತ ಬೀದಿಯವರನ್ನು ಕೇಳಿ. ಚಿಕ್ಕಮಗಳೂರಿನಲ್ಲಿ ಮುಳ್ಳಯ್ಯನಗಿರಿ ಕಡೆಯ ರಸ್ತೆಯಲ್ಲಿ ನೋಡುತ್ತಿದ್ದರೆ ಶನಿವಾರ, ಭಾನುವಾರವೇ ಹೋಗಬೇಕು. ಪಕ್ಕದ ಮನೆ ಹೋಂಸ್ಟೇ ಆಗಿದ್ದರೆ ಅದೂ ವಾರಾಂತ್ಯದಲ್ಲೇ ಗೊತ್ತಾಗುವುದು.

ಒಳಗೆ ಜನ ಇದ್ದರೆ

ಬಾಡಿಗೆಯವರು ಇರುವ ಮನೆಗೆ ಹೇಳದೆ ಕೇಳದೆ ಹೋಗಿ ಬಾಗಿಲು ಬಡಿಯಬೇಡಿ. ಅವರಿಗೆ ಮನೆ ಮಾರಾಟಕ್ಕಿದೆ ಅನ್ನುವುದೇ ಗೊತ್ತಿಲ್ಲದಿರಬಹುದು, ನಿಮ್ಮ ಬಾಯಿಂದಲೇ ಮೊದಲು ಕೇಳಿದರೆ ಅವರ ಎದೆ ಧಸಕ್ಕೆನ್ನುತ್ತದೆ. ಬ್ರೋಕರ್ ಅಥವಾ ಮಾಲೀಕರು ಫೋನ್ ಮಾಡಿ ಹೊತ್ತು ಗೊತ್ತು ಮಾಡಲಿ. ಹೋದಾಗ ಕೇಳಿ ಒಳಗೆ ಹೋಗಿ, ಅವರ ಸಾಮಾನುಗಳ ಫೋಟೋ, ವಿಡಿಯೋ ತೆಗೆಯಬೇಡಿ.

ಖಾಲಿ ಮನೆಯಾದರೆ ಬೇರೆ ಎಚ್ಚರ. ಒಂಟಿಯಾಗಿ ಹೋಗಬೇಡಿ, ಹೆಣ್ಣುಮಕ್ಕಳಾದರೆ ಖಂಡಿತ ಜೊತೆಗೆ ಒಬ್ಬರಿರಲಿ. ‘ನೀವೇ ಹೋಗಿ’ ಅಂದರೆ ಬ್ರೋಕರ್ ಇಲ್ಲದೆ ಅಂತ ಅರ್ಥ, ಒಬ್ಬೊಬ್ಬರೇ ಅಂತಲ್ಲ. ಹಗಲಲ್ಲೇ ಹೋಗಿ. ಸಂಪಿನ ಮುಚ್ಚಳ ಗಟ್ಟಿಯಾಗಿದೆಯಾ ನೋಡದೆ ಅದರ ಮೇಲೆ ಕಾಲಿಡಬೇಡಿ, ಮಕ್ಕಳ ಕೈ ಬಿಡಬೇಡಿ. ವಾಪಸ್ ಬರುವಾಗ ಕಿಟಕಿ, ನಲ್ಲಿ, ಲೈಟ್ ಮೊದಲಿದ್ದ ಹಾಗೇ ಇದೆಯಾ ನೋಡಿ ಕೀ ಕೊಟ್ಟು, “ಕೀ ವಾಪಸ್ ಕೊಟ್ಟಿದ್ದೇವೆ” ಅಂತ ಬ್ರೋಕರ್‌ಗೆ ಒಂದು ಮೆಸೇಜ್ ಹಾಕಿ.

ಎಷ್ಟು ನೋಡಿದರೂ ಕಣ್ಣಿಗೆ ಕಾಣದ್ದು

ಮನೆ ಚೆನ್ನಾಗಿದೆ ಅನ್ನುವುದಕ್ಕೂ ಪತ್ರ ಸರಿಯಾಗಿದೆ ಅನ್ನುವುದಕ್ಕೂ ಸಂಬಂಧವೇ ಇಲ್ಲ. ಕೀ ಇಟ್ಟುಕೊಂಡವರು ಮಾಲೀಕರಲ್ಲ, ಮಾರುವ ಅಧಿಕಾರ ಇರುವವರೂ ಅಲ್ಲ.

ಮೊದಲು ನೋಡಬೇಕಾದ ಕಾಗದ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ. ಆ ಆಸ್ತಿಯ ಮೇಲೆ ಇಂಥ ವರ್ಷದಿಂದ ಇಂಥ ವರ್ಷದವರೆಗೆ ಯಾವ ಯಾವ ಪತ್ರ ನೋಂದಣಿ ಆಗಿದೆ ಅಂತ ಅದು ಹೇಳುತ್ತದೆ. ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಈಗ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ಅರ್ಜಿ ಹಾಕಿ ತೆಗೆಯಬಹುದು. ನೆನಪಿಡಿ, ನೋಂದಣಿ ಆಗದ ಒಪ್ಪಂದ, ಅಣ್ಣತಮ್ಮಂದಿರ ಬಾಯಿಮಾತಿನ ಪಾಲು ಇಸಿಯಲ್ಲಿ ಬರುವುದಿಲ್ಲ. ಅದಕ್ಕೇ ಒಳಗಿರುವವರನ್ನೂ ನೆರೆಯವರನ್ನೂ ವಿಚಾರಿಸಬೇಕು ಅಂದಿದ್ದು. ಎರಡನೆಯದು ಖಾತೆ, ಅಂದರೆ ಆಸ್ತಿ ಯಾರ ಹೆಸರಿನಲ್ಲಿದೆ ಅಂತ ಕಂದಾಯಕ್ಕಾಗಿ ಸ್ಥಳೀಯ ಸಂಸ್ಥೆ ಇಟ್ಟುಕೊಳ್ಳುವ ದಾಖಲೆ. ಊರೊಳಗಾದರೆ ಇ-ಖಾತಾ, ಗ್ರಾಮ ಪಂಚಾಯಿತಿಗೆ ಸೇರಿದ್ದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ಹಾಸನದ ಸುತ್ತ ಎಷ್ಟೋ ಬಡಾವಣೆ ನೋಡಲು ಊರಿನ ಹಾಗೇ ಇದ್ದರೂ ಕಾಗದದಲ್ಲಿ ಪಂಚಾಯಿತಿಗೆ ಸೇರಿರುತ್ತವೆ. ಯಾವ ಕಚೇರಿಗೆ ಕಂದಾಯ ಕಟ್ಟುತ್ತಾರೆ ಅಂತ ಕೇಳಿದರೆ ತಿಳಿಯುತ್ತದೆ.

ಮೂಲಪತ್ರಗಳನ್ನು ಕೇಳಲು ಸಂಕೋಚ ಬೇಡ. ಕೊಳ್ಳುವವರು ಕೇಳಿದರೆ ತಮ್ಮ ಹತ್ತಿರ ಇರುವ ಹಕ್ಕುಪತ್ರಗಳನ್ನು ಪರಿಶೀಲನೆಗೆ ತೋರಿಸಬೇಕು ಅಂತ ಅದೇ 55ನೇ ಕಲಂ ಮಾರುವವರಿಗೆ ಹೇಳುತ್ತದೆ. ಜೆರಾಕ್ಸ್ ಮಾತ್ರ ಇದೆ ಅಂದರೆ ಮೂಲ ಎಲ್ಲಿದೆ ಅಂತ ಕೇಳಿ. ಸಾಲಕ್ಕಾಗಿ ಬ್ಯಾಂಕಿನಲ್ಲಿ ಇದ್ದರೆ ಅದು ಸಹಜ, ಆದರೆ ನಿಮಗೆ ಗೊತ್ತಿರಬೇಕು. ಮಾಲೀಕರ ಪರವಾಗಿ ಬೇರೆಯವರು ಸಹಿ ಹಾಕುತ್ತಾರೆ ಅಂದರೆ ಅವರಿಗೆ ಆ ಅಧಿಕಾರ ಕೊಟ್ಟ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಪತ್ರ ನೋಡಿ, ಮಾಲೀಕರ ಜೊತೆ ವಿಡಿಯೋ ಕರೆಯಲ್ಲಿ ಮಾತಾಡಿ. ಬರೀ ಜಿಪಿಎ ಬರೆಸಿಕೊಂಡರೆ ಆಸ್ತಿ ನಿಮ್ಮದಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಈ ಕಾಗದಗಳನ್ನೆಲ್ಲ ಒಬ್ಬ ವಕೀಲರಿಗೆ ತೋರಿಸಿ.

ಬ್ರೋಕರ್‌ಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಇರಬೇಕಾ ಅಂತಲೂ ಕೇಳುತ್ತಾರೆ. 2016ರ ರೇರಾ ಕಾಯ್ದೆ ಪ್ರಕಾರ 500 ಚದರ ಮೀಟರ್‌ವರೆಗಿನ ಜಾಗದ ಅಥವಾ ಎಂಟು ಫ್ಲಾಟ್‌ವರೆಗಿನ ಯೋಜನೆ ಬಿಟ್ಟು ಉಳಿದ ಹೊಸ ಯೋಜನೆ ನೋಂದಣಿ ಆಗಬೇಕು, ಅಂಥ ಯೋಜನೆಯ ಸೈಟು, ಫ್ಲಾಟ್ ಮಾರಿಸುವ ಏಜೆಂಟರೂ ನೋಂದಣಿ ಮಾಡಿಸಿರಬೇಕು. ಕರ್ನಾಟಕ ರೇರಾ ಜಾಲತಾಣದಲ್ಲಿ ಹುಡುಕಿ ನೋಡಬಹುದು. ಒಬ್ಬರು ತಾವು ವಾಸವಿದ್ದ ಹಳೇ ಮನೆ ಮಾರುವುದಕ್ಕೆ ಇದು ಅನ್ವಯಿಸುವುದಿಲ್ಲ.

ನೋಡಿ ಬಂದ ಕೂಡಲೇ ‘ಟೋಕನ್ ಹಾಕಿ’ ಅಂದರೆ

ಇನ್ನೂ ಮನೆಯ ಗೇಟಿನ ಹತ್ತಿರವೇ ಇರುತ್ತೀರಿ, ಫೋನ್ ಬರುತ್ತದೆ. “ಇನ್ನೊಂದು ಪಾರ್ಟಿ ಸಂಜೆ ಬರ್ತಿದ್ದಾರೆ ಸಾರ್, ಇಷ್ಟ ಆಗಿದ್ರೆ ಒಂದು ಹತ್ತು ಸಾವಿರ ಟೋಕನ್ ಹಾಕ್ಬಿಡಿ.” ಇಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಮಾಲೀಕರನ್ನು ನೀವು ನೋಡಿಲ್ಲ, ಪತ್ರ ನೋಡಿಲ್ಲ, ನೋಡಿರುವುದು ಗೋಡೆ ಮಾತ್ರ. ಟೋಕನ್ ಕೊಟ್ಟರೂ, ಅಗ್ರಿಮೆಂಟ್ ಮಾಡಿಕೊಂಡರೂ ಅದರಿಂದಲೇ ಆಸ್ತಿಯಲ್ಲಿ ಹಕ್ಕು ಬರುವುದಿಲ್ಲ, ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಖಾಲಿ ಮನೆಯ ಕೀ ಹೇಗೋ ಸಂಪಾದಿಸಿ, ತಾವೇ ಮಾಲೀಕರು ಅಂತ ಫೋನಿನಲ್ಲಿ ಮಾತಾಡಿ, ಹಣ ಹಾಕಿಸಿಕೊಂಡು ನಂಬರ್ ಆಫ್ ಮಾಡುವವರೂ ಇದ್ದಾರೆ. ಹಾಗೇನಾದರೂ ಆಗಿಬಿಟ್ಟರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಮನೆ ಇಷ್ಟವಾದರೆ ಮುಂದಿನ ಭೇಟಿ ಬ್ರೋಕರ್ ಮತ್ತು ಮಾಲೀಕರು ಇಬ್ಬರೂ ಇರುವಾಗ ಆಗಲಿ. ಮೊದಲ ಸಲ ಬರೆದುಕೊಂಡ ಅನುಮಾನಗಳನ್ನೆಲ್ಲ ಅವರ ಎದುರಿಗೇ ಕೇಳಿ. “ತಾರಸಿ ಮೇಲೆ ಅಷ್ಟು ಜಾಗದಲ್ಲಿ ಸಿಮೆಂಟ್ ಮೆತ್ತಿದ್ದೀರಲ್ಲ, ಯಾವ ವರ್ಷ ಸೋರಿತ್ತು?” ಅನ್ನುವ ಪ್ರಶ್ನೆಗೆ ಮಾಲೀಕರು ಕೊಡುವ ಉತ್ತರವನ್ನು ಬ್ರೋಕರ್ ಕೊಡಲಾರರು. ಬೆಲೆ ಮಾತಾಡುವುದು ಅದಾದ ಮೇಲೆ.

ಇಷ್ಟವಾಗದಿದ್ದರೆ ಆ ದಿನವೇ ಹೇಳಿ, ಯಾಕೆ ಅಂತಲೂ ಹೇಳಿ. ನನ್ನ ತಂಗಿ ನಾಲ್ಕು ಮನೆ ನೋಡಿ ಬಂದು ಬ್ರೋಕರ್‌ಗೆ ಒಂದೇ ಮೆಸೇಜ್ ಹಾಕಿದಳು. ಒಂದರಲ್ಲಿ ಭೋಗ್ಯದವರು ಇನ್ನೂ ಎರಡು ವರ್ಷ ಇರುತ್ತಾರಂತೆ, ಒಂದರ ಅಗಲ 26 ಅಡಿ, ಒಂದಕ್ಕೆ ಯುಜಿಡಿ ಇಲ್ಲ, ನಾಲ್ಕನೆಯದರ ಪತ್ರ ನೋಡಬೇಕು. ಬ್ರೋಕರ್ ಸಂಜೆ ಫೋನ್ ಮಾಡಿ, ಭೋಗ್ಯದ ವಿಷಯ ತಮಗೂ ಗೊತ್ತಿರಲಿಲ್ಲ ಅಂದರು. ನಾಲ್ಕನೇ ಮನೆಯ ಪತ್ರಗಳು ಈಗ ವಕೀಲರ ಹತ್ತಿರ ಇವೆ.